ಊರ ಗ್ರಂಥಾಲಯದಲ್ಲಿ ಹಾಯ್ಕು ಸ್ಪರ್ಧೆ: ಹಾಸನ ಜಿಲ್ಲೆಯವರಿಗೊಂದು ಮಾರ್ಗದರ್ಶಿ

ಮೂರು ಸಾಲು, ಹದಿನೇಳು ಅಕ್ಷರ. ಇಷ್ಟು ಚಿಕ್ಕದಾದ್ದರಿಂದಲೇ ಹಾಯ್ಕು ಎಂಬ ಜಪಾನಿ ಬಗೆಯ ಕವಿತೆಯ ಸ್ಪರ್ಧೆ ನಡೆಸುವುದು ಸುಲಭ ಅನ್ನಿಸುತ್ತದೆ. ಹಾಳೆ, ಪೆನ್ನು, ಮೂವರು ತೀರ್ಪುಗಾರರು ಸಿಕ್ಕರೆ ಸಾಕೆಂದು ಗ್ರಂಥಾಲಯದ ಬಾಗಿಲಿಗೆ ನೋಟಿಸು ಅಂಟಿಸಿದರೆ ಬಂದು ಬೀಳುವುದು ಹನಿಗವನ, ಗೋಡೆಬರಹ, ಗಾದೆಯಂಥ ಮಾತು. ಬರೆಯುವವರ ತಪ್ಪಲ್ಲ, ಏನು ಬೇಕೆಂದು ಯಾರೂ ಅವರಿಗೆ ತೋರಿಸಿರುವುದಿಲ್ಲ. ಸ್ಪರ್ಧೆಯ ದಿನಕ್ಕಿಂತ ಅದಕ್ಕೆ ಮುಂಚಿನ ಕೆಲವು ವಾರಗಳೇ ಮುಖ್ಯ.

ಇನ್ನೊಂದು ವಿಷಯ ನ್ಯಾಯದ್ದು. ಸಣ್ಣ ಊರಿನಲ್ಲಿ ಮೇಷ್ಟ್ರಿಗೆ ಪ್ರತಿಯೊಬ್ಬರ ಕೈಬರಹವೂ ಗೊತ್ತು. ಹೆಸರು ಮುಚ್ಚಿದರೆ ಸಾಲದು, ಬರಹವನ್ನೂ ಮರೆಮಾಡಬೇಕು. ಜಪಾನಿನಲ್ಲಿ ಹಾಯ್ಕು ಬರೆಯುವವರು ಸೇರುವ ಕೂಟಕ್ಕೆ ಕುಕಾಯ್ ಎನ್ನುತ್ತಾರೆ. ಅಲ್ಲಿ ಎಲ್ಲರ ಚೀಟಿಗಳನ್ನೂ ಬೆರೆಸಿ, ಬೇರೆಯವರ ಕೈಯಲ್ಲಿ ನಕಲು ಮಾಡಿಸಿ, ಆಮೇಲೆ ಆರಿಸುತ್ತಾರೆ. ಆರಿಸಿ ಓದಿದ ಮೇಲಷ್ಟೇ ಬರೆದವರು ಹೆಸರು ಹೇಳುವುದು. ನಮ್ಮ ಊರುಗಳಿಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಈ ಲೇಖನದ ಲೆಕ್ಕಾಚಾರವೆಲ್ಲ 60 ಜನ ಬರೆಯುವ, ತಲಾ ಎರಡು ಹಾಯ್ಕು ಕೊಡುವ ಸ್ಪರ್ಧೆಗೆ ಹೊಂದಿಸಿದ್ದು. ನಿಮ್ಮಲ್ಲಿ 30 ಜನ ಬರುವಂತಿದ್ದರೆ ಅರ್ಧ ಮಾಡಿಕೊಳ್ಳಿ.

ದಿನ, ಜಾಗ, ಅನುಮತಿ

ಆರು ವಾರ ಮುಂಚೆ ಕೆಲಸ ಹಿಡಿಯಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಅಂದರೆ ಈಗಿನ ಅರಿವು ಕೇಂದ್ರಗಳು, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯಡಿ ಇವೆ. ಹಾಗಾಗಿ ಗ್ರಂಥಾಲಯ ಮೇಲ್ವಿಚಾರಕರ ಜತೆ ಕೂತು ಮಾತಾಡಿ, ಪಿಡಿಒ ಅವರಿಗೆ ಒಂದು ಪುಟದ ಅರ್ಜಿ ಕೊಡಿ. ದಿನಾಂಕ, ಹೊತ್ತು, ಎಷ್ಟು ಜನ, ಯಾವ ಕೊಠಡಿ, ಖರ್ಚು ಯಾರದು ಎಂಬ ಐದು ವಿಷಯ ಅದರಲ್ಲಿರಲಿ. ಪಟ್ಟಣದ ಗ್ರಂಥಾಲಯವಾದರೆ ಅಲ್ಲಿನ ಗ್ರಂಥಾಲಯಾಧಿಕಾರಿಗೆ ಅರ್ಜಿ. ಹಳ್ಳಿಯ ಗ್ರಂಥಾಲಯದ ಕೋಣೆಯಲ್ಲಿ 60 ಜನ ಕೂತು ಬರೆಯಲಾಗದು. ಬರೆಯುವುದಕ್ಕೆ ಪಕ್ಕದ ಶಾಲೆಯ ಎರಡು ಕೊಠಡಿ ಅಥವಾ ಸಮುದಾಯ ಭವನ ಕೇಳಿಕೊಂಡು, ನಕಲು ಮಾಡುವುದಕ್ಕೆ ಮಾತ್ರ ಗ್ರಂಥಾಲಯವನ್ನು ಇಟ್ಟುಕೊಳ್ಳಿ. ನಕಲು ಮಾಡುವ ಕೋಣೆಗೆ ಬೇರೆ ಯಾರೂ ಬರಬಾರದು, ಬೀಗ ಇರುವ ಜಾಗವಾದರೆ ಅನುಕೂಲ.

ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಒಳ್ಳೆಯ ಸಮಯ. ಆದರೆ ಆ ತಿಂಗಳೆಲ್ಲ ರಾಜ್ಯೋತ್ಸವದ ಕಾರ್ಯಕ್ರಮಗಳಿರುತ್ತವೆ, ತೀರ್ಪುಗಾರರನ್ನು ಸೆಪ್ಟೆಂಬರಿನಲ್ಲೇ ಒಪ್ಪಿಸಿಕೊಳ್ಳಿ. ಸಕಲೇಶಪುರ, ಆಲೂರು ಕಡೆ ಅಷ್ಟು ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾಗಿರುತ್ತದೆ. ತೋಟದ ಕೆಲಸದವರೂ ಬರಬೇಕೆಂದರೆ ಅವರಿಗೆ ರಜೆ ಇರುವ ದಿನ ಯಾವುದೆಂದು ಕೇಳಿಯೇ ದಿನ ಗೊತ್ತುಮಾಡಿ. ಮಾರ್ಚ್ ಬೇಡ. ಪರೀಕ್ಷೆಯ ಕಾಲದಲ್ಲಿ ಯಾವ ತಾಯಿಯೂ ಮಗುವನ್ನು ಕವಿತೆ ಬರೆಯಲು ಕಳಿಸುವುದಿಲ್ಲ.

ಅಕ್ಷರದ ನಿಯಮ

ಎಲ್ಲ ಜಗಳ ಹುಟ್ಟುವುದು ಇಲ್ಲಿ. ಜಪಾನಿಯಲ್ಲಿ ಮೂರು ಭಾಗಕ್ಕೆ 5-7-5 ಎಂದು ಎಣಿಸುವ ಘಟಕ ನಮ್ಮ ಅಕ್ಷರವಲ್ಲ, ಹೆಚ್ಚು ಕಡಿಮೆ ನಮ್ಮ ಮಾತ್ರೆ, ಅಂದರೆ ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆ. ಅಲ್ಲಿ ದೀರ್ಘ ಸ್ವರಕ್ಕೆ ಎರಡು ಲೆಕ್ಕ. ಟೋಕಿಯೋ ಎಂಬ ಹೆಸರಿನಲ್ಲಿ ಎರಡು ದೀರ್ಘ ಸ್ವರ, ಹಾಗಾಗಿ ಒಟ್ಟು ನಾಲ್ಕು. ಕನ್ನಡದಲ್ಲಿ ಹಾಗೆ ಮಾತ್ರೆ ಎಣಿಸಹೊರಟರೆ ಉಸಿರು ಕಟ್ಟುತ್ತದೆ. ‘ಆರಿದ್ರ ಮಳೆ’ ಐದೇ ಅಕ್ಷರ, ಮಾತ್ರೆ ಏಳು. ಆದ್ದರಿಂದ ಸ್ಪರ್ಧೆಗೆ ಅಕ್ಷರಗಣನೆಯೇ ಇರಲಿ, ಮತ್ತು ನಿಯಮ ಹೀಗಿರಲಿ: ಮೂರು ಸಾಲು, ಒಟ್ಟು 17 ಅಕ್ಷರ ಮೀರಬಾರದು. ಸಾಲುಗಳು 5-7-5 ಆಗಲೇಬೇಕು ಎಂಬ ಕಟ್ಟಳೆ ಬೇಡ.

ಯಾಕೆಂದು ಒಂದು ಉದಾಹರಣೆ ನೋಡಿ.

ಹಾಸನಾಂಬೆ ಸಾಲು
ಮುಂದಿನವಳ ಮಲ್ಲಿಗೆ
ಬಾಡಿದೆ

ಇದು 6-8-3, ಒಟ್ಟು 17. ಇದನ್ನೇ 5-7-5ಕ್ಕೆ ತಂದರೆ:

ಅಮ್ಮನ ಸಾಲು
ಮುಂದಿನವಳ ಹೂವು
ಬಾಡಿ ಹೋಯಿತು

ಲೆಕ್ಕ ಸರಿಹೋಯಿತು. ಆದರೆ ಹಾಸನಾಂಬೆ ಹೋಗಿ ಯಾವುದೋ ಅಮ್ಮ ಬಂದಳು, ಮಲ್ಲಿಗೆ ಹೋಗಿ ಬರೀ ಹೂವಾಯಿತು, ‘ಬಾಡಿದೆ’ ಎಂದು ಥಟ್ಟನೆ ನಿಲ್ಲುತ್ತಿದ್ದ ಕಡೆ ‘ಹೋಯಿತು’ ಎಂಬ ಬಾಲ ಬೆಳೆಯಿತು. ಕಟ್ಟಳೆ ಬಿಗಿಯಾದಷ್ಟೂ ಇಂಥ ಬಾಲಗಳು ಹೆಚ್ಚು: ತಾ, ಆಗ, ಅಂತೆ, ಇಹುದು, ಅಹಾ. 5-7-5 ತಾನಾಗಿ ಒದಗಿ ಬಂದರೆ ಸಂತೋಷ, ಅದಕ್ಕಾಗಿ ಒಳ್ಳೆಯ ಪದವನ್ನು ಬಿಡಬಾರದು.

ಎಣಿಸುವ ಕ್ರಮವನ್ನು ನೋಟಿಸಿನಲ್ಲೇ ಬರೆದುಬಿಡಿ. ಒಂದು ಸ್ವರಕ್ಕೆ ಒಂದು ಅಕ್ಷರ. ಒತ್ತಕ್ಷರ ಒಂದೇ ಲೆಕ್ಕ: ‘ಸಕ್ಕರೆ’ ಮೂರು. ಸೊನ್ನೆಗೆ ಬೇರೆ ಲೆಕ್ಕವಿಲ್ಲ: ‘ಕಂಬಳಿ’ ಮೂರು. ಕೊನೆಯ ಅರ್ಧಾಕ್ಷರ ಲೆಕ್ಕಕ್ಕಿಲ್ಲ: ‘ಬಸ್’ ಒಂದು, ‘ಬಸ್ಸು’ ಎರಡು. ಮಕ್ಕಳಿಗೆ ಚಪ್ಪಾಳೆ ತಟ್ಟಿಸಿ ಎಣಿಸಿದರೆ ಎರಡೇ ನಿಮಿಷದಲ್ಲಿ ಕಲಿಯುತ್ತಾರೆ. ಕಂಪ್ಯೂಟರಿನ ಎಣಿಕೆಯನ್ನು ಮಾತ್ರ ನಂಬಬೇಡಿ. ಎಕ್ಸೆಲ್‌ನ ಅಕ್ಷರ ಎಣಿಸುವ ಸೂತ್ರ ಸ್ವರಚಿಹ್ನೆ, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಅದರ ಪ್ರಕಾರ ‘ಹಾಸನ’ ನಾಲ್ಕು, ‘ಸಕ್ಕರೆ’ ಆರು. ಅದನ್ನು ನಂಬಿ ಯಾರದೋ ಕವಿತೆಯನ್ನು ತಿರಸ್ಕರಿಸಿದರೆ ಅನ್ಯಾಯವಾಗುತ್ತದೆ.

ಋತುಪದದ ಗೋಡೆ

ಹಾಯ್ಕು ಹುಟ್ಟಿದ್ದು ಹಲವರು ಸೇರಿ ಕಟ್ಟುತ್ತಿದ್ದ ಸರಣಿ ಕವಿತೆಯ ಮೊದಲ ಪದ್ಯದಿಂದ. ಕೂಟ ಸೇರಿದ ದಿನದ ಋತುವನ್ನು ಹೇಳುವುದು ಆ ಮೊದಲ ಪದ್ಯದ ಕೆಲಸವಾಗಿತ್ತು. ಕವಿ ಬಾಶೋ (1644–1694) ಅದನ್ನು ಎತ್ತರಕ್ಕೆ ಒಯ್ದ. ಅದು ಬಿಡಿ ಕವಿತೆಯಾಗಿ ನಿಂತು ಹಾಯ್ಕು ಎಂಬ ಹೆಸರು ಪಡೆದದ್ದು 19ನೇ ಶತಮಾನದ ಕೊನೆಗೆ, ಕವಿ ಶಿಕಿಯ ಕಾಲದಲ್ಲಿ. ಋತು ಸೂಚಿಸುವ ಪದ ಆ ಮೊದಲ ಪದ್ಯದ ಕಾಲದಿಂದಲೂ ಅದರ ಜತೆಗೇ ಇದೆ. ಜಪಾನಿನಲ್ಲಿ ಅಂಥ ಪದಗಳ ಕೋಶಗಳೇ ಇವೆ. ನಾವು ಅವರ ಚೆರ್ರಿ ಹೂವು, ಹಿಮ ಎರವಲು ತರಬೇಕಿಲ್ಲ. ಹಾಸನ ಜಿಲ್ಲೆ ಒಂದು ತುದಿಯಲ್ಲಿ ಘಟ್ಟದ ಮಳೆಕಾಡು, ಇನ್ನೊಂದು ತುದಿಯಲ್ಲಿ ಅರಸೀಕೆರೆಯ ತೆಂಗು, ರಾಗಿಯ ಬಯಲು. ಪದಕ್ಕೇನು ಬರ?

ಸ್ಪರ್ಧೆಗೆ ನಾಲ್ಕು ವಾರ ಇರುವಾಗ ಗ್ರಂಥಾಲಯದ ಗೋಡೆಗೆ ಒಂದು ಡ್ರಾಯಿಂಗ್ ಹಾಳೆ ಅಂಟಿಸಿ, ದಾರ ಕಟ್ಟಿದ ಪೆನ್ನು ನೇತುಹಾಕಿ. ಓದಲು ಬಂದವರೆಲ್ಲ ತಮಗೆ ತೋಚಿದ ಋತುಪದ ಬರೆಯಲಿ. ಮೊದಲ ಹತ್ತನ್ನು ನೀವೇ ಬರೆದಿಡಿ, ಖಾಲಿ ಹಾಳೆಯ ಮೇಲೆ ಬರೆಯಲು ಎಲ್ಲರಿಗೂ ಸಂಕೋಚ.

ಅತ್ಯುತ್ತಮ ಪದಗಳು ರೈತರ ಬಾಯಲ್ಲಿಯೇ ಇವೆ: ಮಳೆ ನಕ್ಷತ್ರಗಳು. ಒಂದೊಂದೂ ಹದಿಮೂರು ಹದಿನಾಲ್ಕು ದಿನದ್ದು. ಜೂನ್ 7–8ರ ಸುಮಾರಿಗೆ ಮೃಗಶಿರ ಹೂಡುತ್ತದೆ, 21–22ಕ್ಕೆ ಆರಿದ್ರ, ಜುಲೈ 5–6ಕ್ಕೆ ಪುನರ್ವಸು, ಆಮೇಲೆ ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಅಕ್ಟೋಬರ್ 10ರ ಹೊತ್ತಿಗೆ ಚಿತ್ತೆ, 23–24ಕ್ಕೆ ಸ್ವಾತಿ. ‘ಮಳೆ’ ಎಂದರೆ ವರ್ಷದ ಅರ್ಧಭಾಗ, ‘ಆರಿದ್ರ ಮಳೆ’ ಎಂದರೆ ಹದಿನಾಲ್ಕು ದಿನ. ಹೊಲದ ಬಣ್ಣ, ಕೆಸರಿನ ಆಳ, ಶಾಲೆ ಶುರುವಾಗಿ ಎಷ್ಟು ದಿನವಾಯಿತು ಎಂಬುದೆಲ್ಲ ಆ ಎರಡು ಪದದಲ್ಲೇ ಬಂತು. ಹದಿನೇಳು ಅಕ್ಷರದಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಸಂಪತ್ತಿಲ್ಲ.

ಉಳಿದವು: ಬೇಸಿಗೆಗೆ ಹೂಮಳೆ, ಕಾಫಿ ಹೂವು, ಹೊಂಗೆ ಚಿಗುರು, ಮಾವಿನ ಮಿಡಿ, ನೀರಿಳಿದು ಬುಡ ಕಾಣುವ ಶೆಟ್ಟಿಹಳ್ಳಿ ಚರ್ಚು. ಮಳೆಗಾಲಕ್ಕೆ ಅದೇ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿದ್ದು, ಗೊರೂರು ಅಣೆಕಟ್ಟೆಯ ಗೇಟು ತೆರೆದದ್ದು, ಆಲೂಗೆಡ್ಡೆ ಬಿತ್ತನೆ, ಅಣಬೆ, ಜಿಗಣೆ, ಕಂಬಳಿ ಕೊಪ್ಪೆ. ಮುಂದಕ್ಕೆ ಹುಚ್ಚೆಳ್ಳು ಹೂವು, ಹಾಸನಾಂಬೆಯ ಬಾಗಿಲು ತೆರೆಯುವ ಆಶ್ವಯುಜ, ರಾಗಿ ಕೊಯ್ಲು, ಸೊಗಡಿನ ಅವರೆಕಾಯಿ, ಕಣದಲ್ಲಿ ಒಣಗುವ ಕಾಫಿ, ಸಂಕ್ರಾಂತಿಯ ಕಿಚ್ಚು. ಪಟ್ಟಿ ಐವತ್ತು ದಾಟಿದರೆ ಸಾಕು. ಅದರಿಂದ ಇಪ್ಪತ್ತನ್ನು ಆರಿಸಿ ಸಣ್ಣ ಚೀಟಿಗಳಲ್ಲಿ ಬರೆದು ಡಬ್ಬಿಯಲ್ಲಿಡಿ, ಸ್ಪರ್ಧೆಯ ದಿನ ಬೇಕಾಗುತ್ತದೆ.

ಒಂದೂವರೆ ಗಂಟೆಯ ಕಮ್ಮಟ

ಸ್ಪರ್ಧೆಗೆ ಎರಡು ವಾರ ಮುಂಚೆ ಒಂದು ಶನಿವಾರ ಮಧ್ಯಾಹ್ನ ಕಮ್ಮಟ ಇಟ್ಟುಕೊಳ್ಳಿ. ಇದನ್ನು ಬಿಟ್ಟರೆ ಸ್ಪರ್ಧೆಯನ್ನೂ ಬಿಡುವುದು ಒಳ್ಳೆಯದು. ಭಾಷಣ ಹತ್ತು ನಿಮಿಷ ಮೀರಬಾರದು, ಉಳಿದದ್ದೆಲ್ಲ ಬೋರ್ಡಿನ ಮೇಲೆ.

ಮೊದಲು ಇದನ್ನು ಬರೆಯಿರಿ:

ಮರ ಉಳಿಸಿ
ನಾಡನ್ನು ಬೆಳೆಸಿರಿ
ಮಳೆ ಬರಲಿ

ಎಣಿಸಿ ಎಂದು ಹೇಳಿ. 5-7-5 ಕರಾರುವಾಕ್ಕಾಗಿದೆ, ಮಳೆಯೂ ಇದೆ. ಆದರೂ ಇದು ಅರಣ್ಯ ಇಲಾಖೆಯ ಗೋಡೆಗೆ ಸರಿಹೋಗುವ ಬರಹ. ಇಲ್ಲಿ ಯಾರೂ ಏನನ್ನೂ ನೋಡಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಬರೆಯಿರಿ:

ಆರಿದ್ರ ಮಳೆ
ಬಸ್ಸಿನ ಗಾಜಿನಲ್ಲಿ
ಬೆರಳ ಗೆರೆ

ಮೊದಲ ಸಾಲು ಮುಗಿದು ಉಸಿರು ನಿಲ್ಲುತ್ತದೆ. ಆಮೇಲಿನ ಎರಡು ಸಾಲು ಬೇರೆಯೇ ಚಿತ್ರ. ಎರಡಕ್ಕೂ ಏನು ಸಂಬಂಧ, ಗೆರೆ ಎಳೆದವರು ಯಾರು, ಬಸ್ಸು ಎಲ್ಲಿಗೆ ಹೊರಟಿತ್ತು ಎಂಬುದನ್ನು ಓದುವವರಿಗೆ ಬಿಟ್ಟಿದೆ. ಈ ನಿಲುಗಡೆ ಕವಿತೆಯಲ್ಲಿ ಒಂದೇ ಸಲ ಇರಬೇಕು, ಮೊದಲ ಸಾಲಿನ ಕೊನೆಗೋ ಎರಡನೆಯದರ ಕೊನೆಗೋ. ಮೂರು ಸಾಲಿಗೂ ನಿಂತು ನಿಂತು ಓದಬೇಕಾದರೆ ಅದು ಸಾಮಾನಿನ ಪಟ್ಟಿಯಾಗುತ್ತದೆ. ಎಲ್ಲೂ ನಿಲ್ಲದಿದ್ದರೆ ಒಂದು ವಾಕ್ಯವನ್ನು ಮೂರು ತುಂಡು ಮಾಡಿದಂತೆ. ಯಾವುದೆಂದು ತಿಳಿಯಲು ಗಟ್ಟಿಯಾಗಿ ಓದಿಸಿದರೆ ಸಾಕು, ಕಿವಿಗೆ ಗೊತ್ತಾಗುತ್ತದೆ.

ಹನಿಗವನಕ್ಕೆ ಒಗ್ಗಿದ ಕೈಗಳು ಕೊನೆಯ ಸಾಲಿನಲ್ಲಿ ಶ್ಲೇಷೆಯನ್ನೋ ಪ್ರಾಸವನ್ನೋ ಇಟ್ಟು ಚಪ್ಪಾಳೆ ಗಿಟ್ಟಿಸಲು ನೋಡುತ್ತವೆ. ಹನಿಗವನ ಕನ್ನಡದಲ್ಲಿ ಸೊಗಸಾಗಿ ಬೆಳೆದ ಪ್ರಕಾರ, ಅದನ್ನು ಹಳಿಯಬಾರದು. ‘ಆ ಜಾಣತನಕ್ಕೆ ಇನ್ನೊಂದು ಸ್ಪರ್ಧೆ ಇಡೋಣ, ಇವತ್ತು ಬರೀ ಕಂಡದ್ದನ್ನು ಬರೆಯೋಣ’ ಎಂದರೆ ಯಾರೂ ಬೇಸರಪಡುವುದಿಲ್ಲ.

ಆಮೇಲೆ ಒಂದು ಕವಿತೆಯನ್ನು ಎಲ್ಲರೂ ಸೇರಿ ತಿದ್ದಿ. ‘ಕಾಫಿಯ ಹೂವು / ಬೆಳ್ಳಗೆ ಅರಳಿದೆ / ಎಷ್ಟು ಚೆಂದವೋ’ ಎಂಬಂಥದ್ದು ಪ್ರತಿ ಕಮ್ಮಟದಲ್ಲೂ ಬಂದೇ ಬರುತ್ತದೆ. ಎಣಿಕೆಯಲ್ಲಿ ತಪ್ಪಿಲ್ಲ. ಕಾಫಿ ಹೂವು ಬೆಳ್ಳಗಿರುತ್ತದೆಂದು ಈ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಎರಡನೆಯ ಸಾಲು ವ್ಯರ್ಥ. ಮೂರನೆಯದು ಓದುಗರು ಹೇಳಬೇಕಾದ್ದನ್ನು ತಾನೇ ಹೇಳಿದೆ. ಬೆಳ್ಳಗಿದೆ ಎನ್ನುವ ಪದವನ್ನು ಹೊಡೆದುಹಾಕಿ, ಬಿಳಿ ಎಲ್ಲಿ ಉಪಯೋಗಕ್ಕೆ ಬಂತು ಎಂದು ಕೇಳಿ. ಯಾರಾದರೂ ಹೇಳುತ್ತಾರೆ: ಕತ್ತಲಲ್ಲಿ.

ಕಾಫಿಯ ಹೂವು
ಕರೆಂಟು ಹೋದ ರಾತ್ರಿ
ಕಾಣುವ ದಾರಿ

ಚೆಂದ ಎಂಬ ಪದವಿಲ್ಲ, ಬಿಳಿ ಎಂಬ ಪದವಿಲ್ಲ. ಕಮ್ಮಟಕ್ಕೆ ಬಂದವರು ಈ ಒಂದು ತಿದ್ದುಪಡಿ ಕಂಡರೆ ಸಾಕು, ಸ್ಪರ್ಧೆಯ ಮಟ್ಟವೇ ಬದಲಾಗುತ್ತದೆ. ಕೊನೆಯ ಅರ್ಧ ಗಂಟೆ ಎಲ್ಲರನ್ನೂ ಹೊರಗೆ ಕಳಿಸಿ. ಬಸ್ ನಿಲ್ದಾಣ, ಸಂತೆ ಮೈದಾನ, ಕೆರೆ ಏರಿ ಎಲ್ಲಾದರೂ ಆಗಬಹುದು. ಕವಿತೆ ಬರೆಯುವುದು ಬೇಡ. ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು ಮೂರೇ ಮೂರು ಬರೆದುಕೊಂಡು ಬರಲಿ.

ನೋಟಿಸು, ಸಾಮಾನು

ನೋಟಿಸಿನ ಮಾತು ಇಷ್ಟಿರಲಿ: ‘ಹಾಯ್ಕು ಸ್ಪರ್ಧೆ. ಮೂರು ಸಾಲು, 17 ಅಕ್ಷರ ಮೀರಬಾರದು. ಒಂದು ಋತುಪದ ಇರಬೇಕು. ಉಪದೇಶ, ಘೋಷಣೆ ಬೇಡ, ಕಣ್ಣಿಗೆ ಕಂಡದ್ದು ಸಾಕು. ಒಬ್ಬರಿಗೆ ಎರಡು ಹಾಯ್ಕು, ಸ್ಥಳದಲ್ಲೇ ಬರೆಯಬೇಕು. 14 ವರ್ಷದೊಳಗಿನವರು, ಅದಕ್ಕೆ ಮೇಲ್ಪಟ್ಟವರು ಎಂದು ಎರಡು ವಿಭಾಗ. ಬರೆಯಲು ಬಾರದವರು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ.’ ಕೊನೆಯ ವಾಕ್ಯವನ್ನು ದಪ್ಪಕ್ಷರದಲ್ಲಿ ಹಾಕಿ. ಸೋಬಾನೆ, ಬೀಸುವ ಪದ ಹೇಳಿ ಗೊತ್ತಿರುವ ಅಜ್ಜಿಯಂದಿರ ಕಿವಿ ಮೂರು ಸಾಲಿಗೆ ಎಂದೋ ಹದಗೊಂಡಿದೆ.

ವಾಟ್ಸಾಪಿನಲ್ಲಿ ಹಾಯ್ಕು ತೆಗೆದುಕೊಳ್ಳಬೇಡಿ. ಹೆಸರು ಮುಚ್ಚುವುದು ಆಗದ ಮಾತು, ಎಲ್ಲಿಂದಲೋ ಎತ್ತಿದ್ದೂ ಬರುತ್ತದೆ, ಯಂತ್ರ ಬರೆದುಕೊಟ್ಟದ್ದೂ ಬರುತ್ತದೆ. ಸ್ಥಳದಲ್ಲೇ ಬರೆಸಿ, ಎರಡರಲ್ಲಿ ಒಂದು ಹಾಯ್ಕುವಿಗೆ ಡಬ್ಬಿಯಿಂದ ಎತ್ತಿದ ಋತುಪದವೇ ಇರಬೇಕು ಎಂದರೆ ಈ ತೊಂದರೆಯ ಬಹುಪಾಲು ಅಲ್ಲಿಗೇ ತೀರಿತು.

ಸಾಮಾನು ಕಡಿಮೆ. ಎ4 ಹಾಳೆಯನ್ನು ನಾಲ್ಕು ಮಾಡಿದರೆ ಒಂದು ಚೀಟಿಯ ಅಳತೆ. ತಲಾ ಎರಡು ಚೀಟಿ, ಒಂದು ಕಚ್ಚಾ ಚೀಟಿ ಎಂದರೆ 180 ಚೀಟಿಗೆ 45 ಹಾಳೆ. ನಕಲಿಗೆ, ಒಂದರಲ್ಲಿ ಹತ್ತು ಹಾಯ್ಕುವಿನಂತೆ, 12 ಹಾಳೆ, ತಪ್ಪಿದರೆಂದು ಇನ್ನು ಆರು. ಎಲ್ಲರ ಕೈಗೂ ಒಂದೇ ಬಣ್ಣದ ಪೆನ್ನು, ಒಂದು ರಿಜಿಸ್ಟರು, ಒಂದು ದೊಡ್ಡ ಲಕೋಟೆ.

ಸ್ಪರ್ಧೆಯ ದಿನ

10 ಗಂಟೆಗೆ ನೋಂದಣಿ. ರಿಜಿಸ್ಟರಿನಲ್ಲಿ ಹೆಸರಿನ ಎದುರು ಎರಡು ಸಂಖ್ಯೆ. ಅವೇ ಎರಡು ಸಂಖ್ಯೆ ಅವರಿಗೆ ಕೊಡುವ ಚೀಟಿಗಳ ಹಿಂಬದಿಯಲ್ಲಿ. ಸಂಖ್ಯೆಯನ್ನು ಸರದಿಯಲ್ಲಿ ಕೊಟ್ಟರೆ ಪಕ್ಕದಲ್ಲಿ ಕೂತವರದು ಯಾವುದೆಂದು ಊಹಿಸಬಹುದು, ಮೊದಲೇ ಚೀಟಿಗಳನ್ನು ಕಲೆಸಿಡಿ. ನೋಂದಣಿ ಮುಗಿದೊಡನೆ ರಿಜಿಸ್ಟರು ಲಕೋಟೆಗೆ, ಲಕೋಟೆ ಬೀರುವಿಗೆ.

10:30ರಿಂದ 11:15 ಬರೆಯುವ ಹೊತ್ತು. ಮುಕ್ಕಾಲು ಗಂಟೆ ಸಾಕು. ಇನ್ನೂ ಹೆಚ್ಚು ಕೊಟ್ಟರೆ ಸರಳವಾಗಿ ಬಂದದ್ದನ್ನು ಅಲಂಕರಿಸಿ ಕೆಡಿಸುತ್ತಾರೆ. ಬರೆದುಕೊಳ್ಳುವ ಸಹಾಯಕರು ಒಂದು ಮೂಲೆಯಲ್ಲಿ ಕೂತು, ಹೇಳಿದ್ದನ್ನು ಹೇಳಿದಂತೆಯೇ ಬರೆದು, ಒಮ್ಮೆ ಓದಿ ಹೇಳಿ ಒಪ್ಪಿಗೆ ಪಡೆಯಲಿ.

11:15ಕ್ಕೆ ಚೀಟಿಗಳನ್ನೆಲ್ಲ ವಿಭಾಗವಾರು ಕಲೆಸಿ ಗ್ರಂಥಾಲಯದ ಕೋಣೆಗೆ ಒಯ್ಯಿರಿ. ನಕಲು ಮಾಡುವವರು ನಾಲ್ವರು, ದುಂಡಗೆ ಬರೆಯುವವರು, ಸ್ಪರ್ಧಿಗಳೂ ತೀರ್ಪುಗಾರರೂ ಅಲ್ಲದವರು. ಒಂದಕ್ಕೆ ಒಂದು ನಿಮಿಷ ಹಿಡಿದರೂ 120 ಹಾಯ್ಕು ನಾಲ್ವರಿಗೆ ಅರ್ಧ ಗಂಟೆ. ಇನ್ನು ಹದಿನೈದು ನಿಮಿಷ ತಾಳೆ ನೋಡಲು: ಒಬ್ಬರು ಮೂಲ ಚೀಟಿ ಓದಬೇಕು, ಇನ್ನೊಬ್ಬರು ನಕಲಿನ ಮೇಲೆ ಬೆರಳಿಡಬೇಕು. ಇಲ್ಲಿ ಆಗುವ ತಪ್ಪು ಎರಡು ಬಗೆಯವು. ಒಂದು, ಸಾಲು ಮುರಿಯುವ ಜಾಗ ಬದಲಾಗುವುದು. ಹಾಗಾದರೆ ನಿಲುಗಡೆಯೇ ಹೋಗುತ್ತದೆ. ಇನ್ನೊಂದು, ನಕಲು ಮಾಡುವವರು ಆಡುಮಾತನ್ನು ತಿದ್ದುವುದು. ‘ಹೋಯ್ತು’ ಎರಡಕ್ಷರ, ‘ಹೋಯಿತು’ ಎಂದು ಗ್ರಾಂಥಿಕ ಮಾಡಿದರೆ ಮೂರು. ಅಷ್ಟಕ್ಕೇ 17 ಇದ್ದದ್ದು 18 ಆಗಿ ಕವಿತೆ ಸ್ಪರ್ಧೆಯಿಂದಲೇ ಹೊರಬೀಳಬಹುದು. ‘ಐತೆ’, ‘ಬಂದವ್ಳೆ’, ‘ಕಣೇ’ ಇದ್ದರೆ ಇದ್ದಂತೆಯೇ ಇರಲಿ. ಕಾಗುಣಿತದ ತಪ್ಪನ್ನು ಕೂಡ ತಿದ್ದುವುದು ಬೇಡ, ಪ್ರಕಟಿಸುವಾಗ ಬರೆದವರನ್ನು ಕೇಳಿ ತಿದ್ದಿದರಾಯಿತು.

12 ಗಂಟೆಗೆ ಆಯ್ಕೆ. ಮೊದಲು ಒಂದೊಂದು ಹಾಳೆಯನ್ನೂ ಮೂರು ಪ್ರತಿ ಜೆರಾಕ್ಸ್ ಮಾಡಿಸಿ ತೀರ್ಪುಗಾರರಿಗೆ ಕೊಡಿ. ಕರೆಂಟು ಇಲ್ಲದಿದ್ದರೆ ಹಾಳೆ ಮೊದಲು ಅವರ ಕೈ ಸುತ್ತಲಿ. ಸ್ಪರ್ಧಿಗಳೂ ಓದಬೇಕು, ಹಾಯ್ಕು ಕೂಟದ ಸೊಗಸೇ ಅದು. ಐದೈದು ಜನರ 12 ಗುಂಪು ಮಾಡಿ, ಗುಂಪಿಗೊಂದು ಹಾಳೆ, ಮೂರು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಮುಂದಿನ ಗುಂಪಿಗೆ ದಾಟಿಸಿ. 36 ನಿಮಿಷದಲ್ಲಿ ಎಲ್ಲರೂ ಎಲ್ಲವನ್ನೂ ಓದಿರುತ್ತಾರೆ. ಒಬ್ಬೊಬ್ಬರೂ ಇಷ್ಟವಾದ ಮೂರರ ಸಂಖ್ಯೆ ಬರೆದು ಕೊಡಲಿ, ತಮ್ಮದನ್ನು ಬಿಟ್ಟು. ಇದರಿಂದ ಓದುಗರ ಬಹುಮಾನ.

ತೀರ್ಪುಗಾರರಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಲು ಹೇಳಬೇಡಿ. ಸರಾಸರಿ ತೆಗೆದಾಗ ಗೆಲ್ಲುವುದು ಯಾರಿಗೂ ಬೇಡವಾಗದ, ಯಾರನ್ನೂ ತಟ್ಟದ ಕವಿತೆ. ಬದಲಿಗೆ ಒಬ್ಬೊಬ್ಬರೂ ವಿಭಾಗಕ್ಕೆ ಎಂಟನ್ನು ಆರಿಸಲಿ, ಅದರಲ್ಲಿ ಒಂದಕ್ಕೆ ನಕ್ಷತ್ರ ಹಾಕಲಿ. ಆಯ್ಕೆಗೆ ಒಂದು ಅಂಕ, ನಕ್ಷತ್ರಕ್ಕೆ ಎರಡು. ಮೂವರೂ ಬೇರೆಬೇರೆಯಾಗಿ ಕೂತು ಆರಿಸಿ, ಪಟ್ಟಿ ಒಪ್ಪಿಸಿದ ಮೇಲೆ ಒಟ್ಟಿಗೆ ಮಾತಾಡಲಿ. ಸಮ ಬಂದರೆ ಎರಡನ್ನೂ ಗಟ್ಟಿಯಾಗಿ ಎರಡು ಸಲ ಓದಿ ನಿರ್ಧರಿಸಲಿ. ಅವರಿಗೆ ಮೊದಲೇ ಹೇಳಬೇಕಾದ ಒಂದು ಮಾತಿದೆ: ನೀತಿ ಇದೆ ಎಂದು ಅಂಕ ಬೇಡ, ಅದರಲ್ಲೂ ಮಕ್ಕಳ ವಿಭಾಗದಲ್ಲಿ. ಮಗು ಇರುವೆ ಸಾಲನ್ನು ಬರೆದರೆ ಅದರಲ್ಲಿ ಒಗ್ಗಟ್ಟಿನ ಪಾಠ ಹುಡುಕಬೇಕಿಲ್ಲ.

ಊಟದ ನಂತರ 2 ಗಂಟೆಗೆ ಓದು. ಆಯ್ಕೆಯಾದವನ್ನು ಒಬ್ಬರೇ, ಒಂದನ್ನು ಎರಡು ಸಲ, ನಡುವೆ ಬಿಡುವು ಕೊಟ್ಟು ಓದಬೇಕು. ತೀರ್ಪುಗಾರರು ಅದನ್ನೇಕೆ ಆರಿಸಿದರೆಂದು ಎರಡು ಮಾತು ಹೇಳಲಿ. ಆಮೇಲೆ ‘ಯಾರದು?’ ಎಂದು ಕೇಳಿ. ಬರೆದವರು ಎದ್ದು ಹೆಸರು ಹೇಳಿದ ಮೇಲೆ ರಿಜಿಸ್ಟರು ತೆರೆದು ತಾಳೆ ನೋಡಿ.

ಬಹುಮಾನಕ್ಕೆ ಪುಸ್ತಕವೇ ಸರಿ. ಶಾಲು, ಹಾರ, ಫಲಕದ ದುಡ್ಡನ್ನು ಎಲ್ಲರ ಹಾಯ್ಕುಗಳ ಒಂದು ಕೈಬರಹದ ಪುಸ್ತಿಕೆಗೆ ಬಳಸಿ. ಕವಿತೆಯ ಹಕ್ಕು ಬರೆದವರದೇ. ಪುಸ್ತಿಕೆಯಲ್ಲೋ ಗೋಡೆಯ ಮೇಲೋ ಹಾಕಲು ಒಪ್ಪಿಗೆ ಇದೆಯೇ ಎಂಬ ಒಂದು ಸಾಲನ್ನು ನೋಂದಣಿ ಅರ್ಜಿಯಲ್ಲೇ ಸೇರಿಸಿ. 18 ವರ್ಷದೊಳಗಿನವರಿಗೆ ಪೋಷಕರ ಸಹಿ ಬೇಕು, ಹಳ್ಳಿಯ ಮಕ್ಕಳಿಗೆ ಆ ಅರ್ಜಿಯನ್ನು ಕಮ್ಮಟದ ದಿನವೇ ಕೊಟ್ಟು ಕಳಿಸಿದರೆ ಸಹಿ ಸಿಗುತ್ತದೆ. ಮೂಲ ಚೀಟಿಗಳನ್ನು ಎಸೆಯದೆ ರಿಜಿಸ್ಟರಿನ ಜತೆ ಗ್ರಂಥಾಲಯದಲ್ಲಿ ಇಡಿ. ತೀರ್ಪಿನ ಬಗ್ಗೆ ಪ್ರಶ್ನೆ ಬಂದರೆ ತೋರಿಸಲು ಬೇಕು. ಪುಸ್ತಿಕೆಯ ಒಂದು ಪ್ರತಿಗೆ ಗ್ರಂಥಾಲಯದ ಮುದ್ರೆ ಹಾಕಿಸಿ ಕವನ ಸಂಕಲನಗಳ ಕಪಾಟಿಗೇ ಸೇರಿಸಿ, ಇನ್ನೊಂದನ್ನು ಪಕ್ಕದ ಪಂಚಾಯಿತಿಯ ಗ್ರಂಥಾಲಯಕ್ಕೆ ಕಳಿಸಿಕೊಡಿ.